ಸದರಿ ನದಿಯ ಹೇಳಿಕೆ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ಸೀಮೆಯಲ್ಲಿ ವಿದುರಾಶ್ವತ್ಥದ ಪಕ್ಕದಲ್ಲೇ ಹಾದು, ಹಿಂದೂಪುರದ ಕಡೆ ಆಂಧ್ರವನ್ನು ಹೊಕ್ಕು, ನೆಲ್ಲೂರಿನಾಚೆ ಕಡಲನ್ನು ಸೇರುವ ಉತ್ತರ ಪಿನಾಕಿನಿಯನ್ನು ಮೈಸೂರು ಯುದ್ಧಗಳ ಒಪ್ಪಂದಗಳ ಕುರಿತು ಸಂದರ್ಶಿಸಲಾಯಿತು. ಶತಮಾನಗಳಿಂದ ದಸ್ತಾವೇಜುಗಳ ಸಹವಾಸದಲ್ಲಿರುವ ನದಿಯು ತನ್ನನ್ನು 'ಸದರಿ ನದಿ' ಎಂದೇ ಕರೆದುಕೊಂಡಿತು.

ಪ್ರಶ್ನೆ: ದಾರಿಯಲ್ಲಿ ದಾಟುವ ಈ ಆಂಧ್ರದ ಗಡಿ ಬಂದದ್ದು ಹೇಗೆ?

ಉತ್ತರ: 1799ರ ಮೇ 4ರಂದು ಟಿಪ್ಪು ಸುಲ್ತಾನ ಮಡಿದ, ಜೂನ್ 22ರ ವಿಭಜನಾ ಒಪ್ಪಂದದಲ್ಲಿ ಈಸ್ಟ್ ಇಂಡಿಯಾ ಕಂಪನಿಯೂ ಹೈದರಾಬಾದಿನ ನಿಜಾಮನೂ ಅವನ ರಾಜ್ಯವನ್ನು ಹಂಚಿಕೊಂಡು, ಉಳಿದದ್ದನ್ನು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಿಟ್ಟರು. ತಾಲೂಕುಗಳನ್ನು ತೂಗಿದ್ದು ಕಂಠೀರವ ವರಹಗಳಲ್ಲಿ, ಅಂದರೆ ಆಗಿನ ನಾಣ್ಯದಲ್ಲಿ ಲೆಕ್ಕಹಾಕಿದ ಕಂದಾಯದ ಹುಟ್ಟುವಳಿಯಿಂದ. ಬೆಟ್ಟ, ಹೊಳೆ, ಜನರಾಡುವ ಮಾತು ಇವುಗಳಿಗೆ ವರಹದ ಬೆಲೆ ಗೊತ್ತುಮಾಡದ ಕಾರಣ ಪಟ್ಟಿಯಲ್ಲಿ ಅವು ಕಾಣಿಸಲಿಲ್ಲ. ಹರಿಯುವ ವಸ್ತುವನ್ನು ಯಾರ ಖಾತೆಗೆ ಬರೆಯಬೇಕೆಂಬ ತೊಡಕಿಗೆ ಸದರಿ ನದಿ ಅಂದೇ ಗುರಿಯಾಯಿತು.

ಪ್ರಶ್ನೆ: ನಿಜಾಮನಿಗೆ ಲಾಭವಾಯಿತಲ್ಲವೇ?

ಉತ್ತರ: ಒಂದು ವರ್ಷದ ಮಟ್ಟಿಗೆ. ತನ್ನ ರಕ್ಷಣೆಗೆಂದು ಇರಿಸಿಕೊಂಡ ಕಂಪನಿ ಸೈನ್ಯದ ಖರ್ಚಿಗೆ 1792 ಮತ್ತು 1799ರ ಮೈಸೂರು ಒಪ್ಪಂದಗಳಲ್ಲಿ ಗಳಿಸಿದ್ದನ್ನೆಲ್ಲ ಆತ 1800ರಲ್ಲಿ ಅದೇ ಕಂಪನಿಗೆ ಒಪ್ಪಿಸಿದ. ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳು 'ದತ್ತ ಮಂಡಲ', ಅಂದರೆ ಬಿಟ್ಟುಕೊಟ್ಟ ಪ್ರದೇಶ, ಎನಿಸಿಕೊಂಡದ್ದು ಹೀಗೆ. ಗೆದ್ದವನೇ ಬಿಟ್ಟುಕೊಡುವ ಈ ಬಗೆಯ ಗೆಲುವನ್ನು ಇತಿಹಾಸಕಾರರು ರಾಜತಂತ್ರವೆನ್ನುತ್ತಾರೆ. ಶಾನುಭೋಗರು ಜಮಾಖರ್ಚು ಎನ್ನುತ್ತಿದ್ದರು.

ಪ್ರಶ್ನೆ: ನೀರಿಗೂ ಒಪ್ಪಂದವಿದೆಯಂತೆ?

ಉತ್ತರ: 1892ರದ್ದು. ಮೈಸೂರು ಸರ್ಕಾರ ಮದರಾಸು ಸರ್ಕಾರದ ಪೂರ್ವಾನುಮತಿಯಿಲ್ಲದೆ ಹೊಸ ನೀರಾವರಿ ಜಲಾಶಯ ಕಟ್ಟಬಾರದೆಂದು ಹೆಸರಿಸಲಾದ 15 ಮುಖ್ಯ ನದಿಗಳಲ್ಲಿ ಕಾವೇರಿ, ತುಂಗಭದ್ರೆಗಳ ಪಂಕ್ತಿಯಲ್ಲೇ ಸದರಿ ನದಿಗೂ ಸ್ಥಾನ ದೊರೆಯಿತು. ವರ್ಷದ ಬಹುಪಾಲು ಮರಳೇ ಕಾಣುವ ಪಾತ್ರಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿಲ್ಲ.

ಪ್ರಶ್ನೆ: ದಡದಲ್ಲೇ ಆದ ಒಪ್ಪಂದಗಳೇನಾದರೂ ಉಂಟೇ?

ಉತ್ತರ: ದಡದಲ್ಲಿ ಆದದ್ದು ಗೋಲಿಬಾರು. ಒಪ್ಪಂದವಾದದ್ದು ದೂರದಲ್ಲಿ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರಕ್ಕೂ ಜನರಿಗೂ ಹೊಂದಾಣಿಕೆಯಾಗಲಿಲ್ಲ. ಮುಂದಿನ ತಿಂಗಳು ವಲ್ಲಭಭಾಯಿ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲರೂ ಮಾಡಿಕೊಂಡ ಒಪ್ಪಂದದಂತೆ ಸಮಾರಂಭಗಳಲ್ಲಿ ಕಾಂಗ್ರೆಸ್ ಬಾವುಟದೊಡನೆ ಮೈಸೂರು ಬಾವುಟವೂ ಹಾರತಕ್ಕದ್ದೆಂದಾಯಿತು. ಎರಡು ಬಟ್ಟೆಗಳ ನಡುವೆ ಗಡಿ ಗುರುತಿಸಲು ಅಷ್ಟು ಹೆಣಗಳು ಬೇಕಿದ್ದವೇ ಎಂಬುದು ಸದರಿ ನದಿಯ ಅಧಿಕಾರವ್ಯಾಪ್ತಿಗೆ ಬರುವುದಿಲ್ಲ.

ಪ್ರಶ್ನೆ: ಅಲ್ಲಿನ ಅಶ್ವತ್ಥವನ್ನು ನೆಟ್ಟವನು ವಿದುರನೆಂದು ಸ್ಥಳಪುರಾಣ ಹೇಳುತ್ತದೆ. ಆತ ಏನಾದರೂ ಹೇಳಿದ್ದನೇ?

ಉತ್ತರ: ಕುರುಕ್ಷೇತ್ರ ಯುದ್ಧಕ್ಕೆ ಮುಂಚೆ ಹೇಳಿದ್ದನ್ನು ಯಾರೂ ಕೇಳಲಿಲ್ಲ, ಯುದ್ಧದ ನಂತರ ಕೇಳಿದಾಗ ಕಾಲ ಮೀರಿತ್ತು.

ಪ್ರಶ್ನೆ: ಮುಂದಿನ ಒಪ್ಪಂದಕ್ಕೆ ಸದರಿ ನದಿ ಸಹಿ ಹಾಕುವುದೇ?

ಉತ್ತರ: ಧಾರಾಳವಾಗಿ. ಸಭೆಯನ್ನು ಮಾತ್ರ ಮಳೆಗಾಲದಲ್ಲಿ ಕರೆಯಬೇಕು. ಬೇಸಿಗೆಯಲ್ಲಿ ಪಕ್ಷಕಾರರು ಸ್ಥಳದಲ್ಲಿ ಹಾಜರಿರುವುದಿಲ್ಲ.