ಗಂಡ, ಹೆಂಡತಿ, ಒಂದು ಎಮ್ಮೆ

ಹಳ್ಳಿಯ ಚಿತ್ರ ಬರೆಯಲು ಒಬ್ಬರು ಸಾಲದು, ಗಂಡ ಹೆಂಡತಿ ಇಬ್ಬರೂ ಬ್ರಷ್ ಹಿಡಿದೇ ಊರೂರು ತಿರುಗಬೇಕು ಎಂಬುದು ನನ್ನ ವಾದ. ಒಂಟಿ ಗಂಡಸರು ಬರೆದ ಹಳ್ಳಿಗಳನ್ನು ಸಾಲಾಗಿ ಇಟ್ಟು ನೋಡಿ: ಹೆಂಗಸರೆಲ್ಲ ತಲೆಯ ಮೇಲೆ ಕೊಡ ಹೊತ್ತು, ನಮಗೆ ಬೆನ್ನು ತೋರಿಸಿ ನಡೆದಿರುತ್ತಾರೆ. ಆ ಊರಲ್ಲಿ ಅವರಿಗೆ ಬೇರೆ ಕೆಲಸವಿಲ್ಲವೆಂದಲ್ಲ. ಹಲಗೆ ಹೊತ್ತು ಅಗಸಿಯಲ್ಲಿ ನಿಂತ ಪರವೂರ ಗಂಡಸಿಗೆ ಕಾಣುವುದೇ ಅಷ್ಟು. ಒಲೆ ಮುಂದೆ ರೊಟ್ಟಿ ಬಡಿಯುವವಳು, ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಸೊಸೆಯನ್ನು ಬೈಯುವವಳು ಅವನ ಹಾಳೆಗೆ ಬರುವುದಿಲ್ಲ. ನಮ್ಮ ನಾಡಿನ ಜಲವರ್ಣದ ದೊಡ್ಡ ಹೆಸರಾದ ಕೆ. ವೆಂಕಟಪ್ಪ (1886–1965) ಆಜನ್ಮ ಬ್ರಹ್ಮಚಾರಿ. ಊಟಿ, ಕೊಡೈಕೆನಾಲ್‌ಗಳ ಮಂಜನ್ನು ಅವರಷ್ಟು ಚೆನ್ನಾಗಿ ಬರೆದವರು ಕಡಿಮೆ. ಮಂಜಿಗೇನು, ಅದು ಯಾರ ಮುಂದೆಯೂ ಸೆರಗು ಎಳೆದುಕೊಳ್ಳುವುದಿಲ್ಲ.

ಹೆಂಗಸರು ಚಿತ್ರದಿಂದ ಜಾರಿಹೋಗುವ ಈ ಮಾತಿಗೂ ತಾಳಿಕೋಟೆಗೂ ನಂಟಿದೆ. ವಿಜಯನಗರ ಸೋತ 1565ರ ಯುದ್ಧ ನಡೆದದ್ದು ದೂರದ ಕೃಷ್ಣೆಯ ಕಡೆ. ಸುಲ್ತಾನರ ದಂಡು ಬೀಡು ಬಿಟ್ಟ ತಪ್ಪಿಗೆ ಹೆಸರು ಮಾತ್ರ ಈ ಊರಿಗೆ ಅಂಟಿತು. ಆ ಗೆಲುವನ್ನು ಹಾಡಿಹೊಗಳಲು ಅಹಮದ್‌ನಗರದಲ್ಲಿ ‘ತಾರೀಫ್-ಎ-ಹುಸೇನ್ ಶಾಹಿ’ ಎಂಬ ಸಚಿತ್ರ ಹಸ್ತಪ್ರತಿ ಸಿದ್ಧವಾಯಿತು. ಈಗ ಅದು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಅದರ ಚಿತ್ರಗಳಲ್ಲಿ ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್ ಶಾಹನ ಮಗ್ಗುಲಲ್ಲೇ ರಾಣಿ ಖುಂಜಾ ಹುಮಾಯೂನಳನ್ನು ಕೂರಿಸಿದ್ದರು. ಈಕೆ ವಿಜಯಪುರದ ಸೊಸೆಯಾದ ಚಾಂದಬೀಬಿಯ ತಾಯಿ, ಅಂದರೆ ಅಲ್ಲಿಯವರಿಗೆ ಬೀಗತಿ. ಗಂಡ ತೀರಿದ ಮೇಲೆ ರಾಜ್ಯಭಾರ ನಡೆಸಿದಳು, ಮಗನೇ ಅವಳನ್ನು ಸೆರೆಗೆ ಹಾಕಿದ. ಅವಳ ಆಕೃತಿಯನ್ನು ಹಲವು ಚಿತ್ರಗಳಲ್ಲಿ ತಿಕ್ಕಿ ಅಳಿಸಲಾಗಿದೆ. ರಾಜನ ಪಕ್ಕದಲ್ಲಿ ಉಳಿದದ್ದು ಒಂದು ಮಸುಕು. ಆಕೆಯ ಕೈಯಲ್ಲೂ ಒಂದು ಕುಂಚವಿದ್ದಿದ್ದರೆ ಇನ್ನೊಂದು ಪ್ರತಿಯಾದರೂ ಉಳಿಯುತ್ತಿತ್ತು, ಅದರಲ್ಲಿ ಬಹುಶಃ ರಾಜ ಮಸುಕಾಗಿರುತ್ತಿದ್ದ.

ಸರಿ, ಆದರೆ ಬರೆಯಲು ತಾಳಿಕೋಟೆಯ ಈ ಬಯಲಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಮಲೆನಾಡಿನ ಹಸಿರು ತಾನೇ ಬಂದು ಹಾಳೆಯ ಮೇಲೆ ಕೂರುತ್ತದೆ, ಎರೆಹೊಲ ಹಾಗಲ್ಲ. ಟ್ಯೂಬಿನ ಕಪ್ಪು ಬಳಿದರೆ ಹೊಲ ಹೋಗಿ ಡಾಂಬರು ರಸ್ತೆಯಾಗುತ್ತದೆ. ನುರಿತವರು ನೀಲಿಗೆ ಸುಟ್ಟ ಕಾವಿ ಬೆರೆಸುತ್ತಾರೆ. ಒಂದಕ್ಕೊಂದು ಎದುರಾದ ಬಣ್ಣಗಳು ಕೂಡಿದರೇನೇ ಕಪ್ಪಿಗೆ ಜೀವ. ಮದುವೆಯಾದವರಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನು ಬಿಳಿಜೋಳದ ತೆನೆ. ಜಲವರ್ಣದಲ್ಲಿ ಬಿಳಿ ಎಂದರೆ ಬಳಿಯದೆ ಬಿಟ್ಟ ಹಾಳೆ, ಆದ್ದರಿಂದ ಎಲ್ಲಿ ಸುಮ್ಮನಿರಬೇಕೆಂದು ಮೊದಲೇ ಗೊತ್ತಿರಬೇಕು. ಒಳ್ಳೆಯ ಹಾಳೆ ಹತ್ತಿಯದು, ಹತ್ತಿ ಇದೇ ಮಣ್ಣಿನ ಬೆಳೆ. ಬಣ್ಣ ಹಿಡಿದಿಡುವ ಗೋಂದು ಜಾಲಿ ಕುಲದ ಮರದ್ದು. ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿ ಚುಕ್ಕಿ ಎಬ್ಬಿಸುವ ಚಮತ್ಕಾರವೊಂದಿದೆ. ಇಲ್ಲಿ ಡೋಣಿ ನದಿಯ ನೀರೇ ಸವಳು. (ಅದರಲ್ಲಿ ಬ್ರಷ್ ಅದ್ದಿದ ಮಾತ್ರಕ್ಕೆ ಚುಕ್ಕಿ ಏಳುವುದಿಲ್ಲ, ಯಾರೂ ನನ್ನ ಮೇಲೆ ಬರಬೇಡಿ.) ಬೇಸಿಗೆಯಲ್ಲಿ ಬಣ್ಣ ಹಾಳೆ ತಲುಪುವ ಮೊದಲೇ ಒಣಗುತ್ತದೆಯೆಂಬುದು ನಿಜ. ಹಾಗಾದರೆ ದಂಪತಿ ಎಳ್ಳಮಾವಾಸ್ಯೆಗೆ ಬರಲಿ. ಚರಗ ಚೆಲ್ಲಲು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಇಳಿದಿರುತ್ತಾರೆ. ಹೆಂಡತಿ ಮಾತಿಗೆ ಕೂತರೆ ಹೆಂಗಸರ ಮುಖವೂ ಸಿಗುತ್ತದೆ, ಇಬ್ಬರಿಗೂ ಸಜ್ಜೆ ರೊಟ್ಟಿಯೂ ಸಿಗುತ್ತದೆ.

ಒಂದೇ ಸೂರಿನಡಿ ಇಬ್ಬರು ಕಲಾವಿದರು ಬಾಳಲಾರರು ಎಂಬ ಆಕ್ಷೇಪಕ್ಕೆ ಮೈಸೂರಿನ ಎಸ್.ಜಿ. ವಾಸುದೇವ್ ಮತ್ತು ಅವರ ಪತ್ನಿ ಅರ್ನವಾಜ್ ಉತ್ತರ. ಅವರ ಮುಖ್ಯ ಮಾಧ್ಯಮ ಜಲವರ್ಣವಾಗಿರಲಿಲ್ಲ, ಆದರೆ ಇಬ್ಬರೂ ಕೂಡಿ ಬಾಳಿದರು, ಚೆನ್ನೈ ಬಳಿಯ ಚೋಳಮಂಡಲದಲ್ಲಿ. 1966ರಲ್ಲಿ ಹುಟ್ಟಿದ, ಊರಿಗೆ ಊರೇ ಕಲಾವಿದರದ್ದಾದ ಜಾಗ. ಜಗಳ ಬರುತ್ತದೆ, ಬರಲಿ. ಒಂದೇ ಎಮ್ಮೆಯನ್ನು ಇಬ್ಬರು ಬರೆದರೆ ಎರಡು ಸಾಕ್ಷಿಯಾಯಿತು. ಎಮ್ಮೆಯ ಹಿಂದಿನ ಮೊಬೈಲ್ ಟವರ್, ತಗಡಿನ ಶೆಡ್ಡು, ನೀಲಿ ಪ್ಲಾಸ್ಟಿಕ್ ಟ್ಯಾಂಕುಗಳನ್ನು ಒಬ್ಬರು ಬಿಟ್ಟುಬಿಡೋಣ ಅನ್ನುತ್ತಾರೆ, ಇನ್ನೊಬ್ಬರು ಇರಲಿ ಅನ್ನುತ್ತಾರೆ. ಹಳ್ಳಿಯವರು ಟವರಿಗಾಗಿ ವರ್ಷಗಟ್ಟಲೆ ಅರ್ಜಿ ಹಾಕಿರುತ್ತಾರೆ. ಆದ್ದರಿಂದ ನಾನು ಇರಲಿ ಎಂದವರ ಪಕ್ಷ, ಅವರು ಗಂಡನಾಗಲಿ, ಹೆಂಡತಿಯಾಗಲಿ.