ಬಿಂದುಪೂರ್ವಕ ವಿಳಾಸ ಮೀಮಾಂಸೆ

ಅರ್ಥಾತ್, ವೆಬ್‌ಸೈಟೊಂದು ತನ್ನ ಬೋರ್ಡನ್ನು ಎಲ್ಲಿ ನೇತುಹಾಕತಕ್ಕದ್ದು ಎಂಬುದರ ಶಾಸ್ತ್ರವಿಚಾರ

ಅವತರಣಿಕೆ

ಸೋಮಲತೆಯನ್ನು ಕೊಳ್ಳಲು ಕೊಡುವ ಹಸು ಕೆಂಪಾಗಿರಬೇಕು ಎಂದರೆ, ಆ ಕೆಂಪು ಹಸುವಿಗೆ ಸೇರಿದ್ದೋ ಕೊಳ್ಳುವ ಕ್ರಿಯೆಗೆ ಸೇರಿದ್ದೋ ಎಂದು ತಲೆಮಾರುಗಟ್ಟಲೆ ವಾದಿಸಿದ ಮೀಮಾಂಸಕರ ಪರಂಪರೆ ನಮ್ಮದು. ಅಂಥವರ ವಾರಸುದಾರರು ವೆಬ್ ವಿಳಾಸದ ಓರೆಗೆರೆಯ ಪಕ್ಕ ಕೂತಿರುವ ಒಂದು ಚುಕ್ಕೆಯ ಬಗ್ಗೆ ತಲೆ ಕೆಡಿಸಿಕೊಳ್ಳದಿರುವುದು ಸೋಜಿಗ. ಆ ಕೊರತೆಯನ್ನು ತುಂಬುವ ಅಲ್ಪ ಪ್ರಯತ್ನ ಈ ಪ್ರಬಂಧ. ಶಾಸ್ತ್ರಮರ್ಯಾದೆಯಂತೆ ಇದಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳು. ನಡುವೆ ಎರಡು ಉಪಪ್ರಕರಣಗಳು ಬೆಳೆದುಕೊಂಡಿವೆ. ಪ್ರಬಂಧದ ಗಾತ್ರ ನೋಡಿ ಅಂಕ ಕೊಡುವ ಪದ್ಧತಿ ಇರುವವರೆಗೆ ಇದು ಅನಿವಾರ್ಯ.

ವಿಷಯ

ವೆಬ್‌ಸೈಟಿಗೆ ಬರುವವರೆಲ್ಲ ಮನುಷ್ಯರಲ್ಲ. ಸರ್ಚ್ ಎಂಜಿನ್ನಿನ ಬಾಟ್ ಬಂದು ‘ಯಾವ ಪುಟ ನೋಡಬಹುದು, ಯಾವುದು ಬೇಡ?’ ಎನ್ನುತ್ತದೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಸರ್ವರ್ ಬಂದು ‘ಈ ಡೊಮೈನ್ ನಿಮ್ಮದೇ ಎನ್ನಲು ಏನು ಸಾಕ್ಷಿ?’ ಎನ್ನುತ್ತದೆ. ಫೋನಿನ ಕ್ಯಾಲೆಂಡರ್ ಬಂದು ನಿಮ್ಮ ಮೀಟಿಂಗುಗಳೆಲ್ಲ ಎಲ್ಲಿವೆ ಎಂದು ಕೇಳುತ್ತದೆ. ಪಾಸ್‌ವರ್ಡ್ ಮ್ಯಾನೇಜರ್ ಬಂದು ಪಾಸ್‌ವರ್ಡ್ ಬದಲಿಸುವ ಪುಟದ ದಾರಿ ಕೇಳುತ್ತದೆ. ಇವರಲ್ಲಿ ಯಾರಿಗೂ ಮುಖಪುಟದಲ್ಲಿ ಸರಿದಾಡುವ ಚಿತ್ರಗಳಾಗಲಿ, ‘ನಮ್ಮ ಬಗ್ಗೆ’ ವಿಭಾಗದಲ್ಲಿ ಕೈಕಟ್ಟಿ ನಿಂತ ಸಂಸ್ಥಾಪಕರ ಭಾವಚಿತ್ರವಾಗಲಿ ಬೇಕಿಲ್ಲ. ಬೇಕಿರುವುದು ಒಂದು ಬೋರ್ಡು. ಅದು ಎಲ್ಲ ಸೈಟುಗಳಲ್ಲೂ ಒಂದೇ ಜಾಗದಲ್ಲಿರಬೇಕು. ಇದೇ ವಿಷಯ.

ಸಂಶಯ

‘ಡೊಮೈನಿಗೆ ವರ್ಷವರ್ಷ ದುಡ್ಡು ಕಟ್ಟುವವನು ನಾನು. ಅಲ್ಲಿ ಯಾವ ಹೆಸರಿನ ಫೈಲ್ ಇರಬೇಕೆಂದು ಹೇಳಲು ನೀವ್ಯಾರು?’ ಎಂದು ಸೈಟಿನ ಯಜಮಾನ ಕೇಳಿದರೆ ಏನು ಉತ್ತರ?

ಯಜಮಾನನ ಈ ಹಕ್ಕನ್ನು ಇಂಟರ್ನೆಟ್ಟಿನ ಮಾನಕಗಳನ್ನು ಬರೆಯುವ ಐಇಟಿಎಫ್ ಕೂಡ ಒಪ್ಪಿದೆ. ವಿಳಾಸದ ರಚನೆ ಯಜಮಾನನಿಗೆ ಬಿಟ್ಟದ್ದು, ಮಾನಕ ಬರೆಯುವವರು ಅದರಲ್ಲಿ ಮೂಗು ತೂರಿಸಬಾರದು ಎಂಬ ತತ್ತ್ವ ಅದರ 2014ರ ದಾಖಲೆಯಾದ ಆರ್‌ಎಫ್‌ಸಿ 7320ರಲ್ಲೂ ಅದನ್ನು ಪರಿಷ್ಕರಿಸಿದ 2020ರ ಆರ್‌ಎಫ್‌ಸಿ 8820ರಲ್ಲೂ ಇದೆ. ಇವೆರಡನ್ನೂ ಬರೆದವರು ಮಾರ್ಕ್ ನಾಟಿಂಗ್‌ಹ್ಯಾಮ್. ‘ಈ ಒಂದು ಮೂಲೆಯಲ್ಲಿ ಮಾತ್ರ ನಾವು ಹೇಳಿದ ಹೆಸರೇ ಇರತಕ್ಕದ್ದು’ ಎನ್ನುವ, ಮುಂದೆ ಸಿದ್ಧಾಂತದಲ್ಲಿ ಬರುವ ದಾಖಲೆಯ ಕರ್ತೃಗಳಲ್ಲೂ ಅವರು ಒಬ್ಬರು. ವ್ಯಾಕರಣದಲ್ಲಿ ಸಾಮಾನ್ಯ ನಿಯಮಕ್ಕೆ ಉತ್ಸರ್ಗವೆಂದೂ ಅದನ್ನು ಮುರಿಯುವುದಕ್ಕೆ ಅಪವಾದವೆಂದೂ ಹೆಸರು. ಇಲ್ಲಿ ಆಚಾರ್ಯರು ಮೊದಲು ಅಪವಾದವನ್ನು ಬರೆದು, ನಾಲ್ಕು ವರ್ಷ ಬಿಟ್ಟು ಉತ್ಸರ್ಗವನ್ನು ಬರೆದರು. ಬಾಗಿಲು ಇಟ್ಟಾದ ಮೇಲೆ ಗೋಡೆ ಕಟ್ಟಿದ ಈ ಕ್ರಮವನ್ನು ವಾಸ್ತುಶಾಸ್ತ್ರಜ್ಞರು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗಿದೆ.

ಪೂರ್ವಪಕ್ಷ

ಪೂರ್ವಪಕ್ಷಿಗಳಲ್ಲಿ ಎರಡು ಪಂಥ. ಮೊದಲನೆಯದು ‘ಟವೆಲ್ ಹಾಕಿದವನದೇ ಸೀಟು’ ಪಂಥ. 1994ರಲ್ಲಿ ಮಾರ್ಟೈನ್ ಕೋಸ್ಟರ್ ಎಂಬವರು ರೋಬಾಟ್ಸ್.ಟಿಎಕ್ಸ್‌ಟಿ ಎಂಬ ಫೈಲನ್ನು ಸೈಟಿನ ಬುಡದಲ್ಲೇ ಇಡೋಣವೆಂದು ಸೂಚಿಸಿದರು. ಎಲ್ಲರೂ ಇಟ್ಟರು. ಅದಕ್ಕೆ ವಿಧಿವತ್ತಾದ ಮಾನಕ, ಅಂದರೆ ಆರ್‌ಎಫ್‌ಸಿ 9309, ಬಂದದ್ದು 2022ರಲ್ಲಿ. ನಡುವಿನ 28 ವರ್ಷ ಇಡೀ ವೆಬ್ ನಡೆದದ್ದು ಕೇವಲ ಶಿಷ್ಟಾಚಾರದ ಮೇಲೆ. ಹಿರಿಯರು ಮಾಡುತ್ತಿದ್ದರು, ನಾವೂ ಮಾಡುತ್ತಿದ್ದೇವೆ, ಯಾಕೆಂದು ಕೇಳಬಾರದು.

1999ರಲ್ಲಿ ಮೈಕ್ರೋಸಾಫ್ಟ್ ಬಿಟ್ಟ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಯಾರನ್ನೂ ಕೇಳದೆ ಪ್ರತಿ ಸೈಟಿನ ಬುಡದಲ್ಲೂ ಫೇವಿಕಾನ್.ಐಸಿಒ ಹುಡುಕತೊಡಗಿತು. ಅಡ್ಮಿನ್‌ಗಳು ಬೆಳಿಗ್ಗೆ ಲಾಗ್ ತೆರೆದರೆ ತಾವು ಎಂದೂ ಇಡದ ಫೈಲೊಂದಕ್ಕೆ ಸಾಲುಸಾಲು 404, ಅಂದರೆ ‘ಸಿಗಲಿಲ್ಲ’. 2002ರಲ್ಲಿ ವೆಬ್ಬಿನ ಪೀಠಸ್ಥಾನವಾದ ಡಬ್ಲ್ಯು3ಸಿ ಸಹ ತನ್ನ ಪಿ3ಪಿ ಎಂಬ ಖಾಸಗಿತನ ಯೋಜನೆಗಾಗಿ ಎಲ್ಲರ ಸೈಟಿನಲ್ಲೂ ತನ್ನದೇ ಹೆಸರಿನ ಒಂದು ಫೋಲ್ಡರನ್ನು ನಿಗದಿ ಮಾಡಿತು. ಮರುವರ್ಷ ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ ಅವರೇ, ಹೀಗೆ ಒಬ್ಬೊಬ್ಬರೂ ಒಂದೊಂದು ಹೆಸರು ಹಿಡಿದು ಕೂರುವುದು ಸರಿಯೇ ಎಂಬ ಪ್ರಶ್ನೆಯನ್ನು ಡಬ್ಲ್ಯು3ಸಿಯ ತಾಂತ್ರಿಕ ಮಂಡಳಿಯ ಮುಂದಿಟ್ಟರು.

ಎರಡನೆಯದು ಲಿಂಕ್ ಪಂಥ. ನಿಗದಿತ ಜಾಗವೇ ಬೇಡ, ಪುಟದ ಹೆಡರಿನಲ್ಲಿ ‘ನಿಯಮಾವಳಿ ಇಂಥಲ್ಲಿದೆ’ ಎಂದು ಬರೆದರೆ ಸಾಕು ಎಂಬುದು ಇವರ ವಾದ. ಕೇಳಲು ಸೊಗಸು. ಆದರೆ ಒಳಗೆ ಬರಬಹುದೇ ಎಂದು ತಿಳಿಯಲು ಒಳಗೆ ಬಂದೇ ನೋಡಬೇಕು ಎಂದಾಗುತ್ತದೆ. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಇದಕ್ಕೆ ‘ಅರ್ಜಿ ಫಾರಂ ಪಡೆಯಲು ಅರ್ಜಿ ಸಲ್ಲಿಸಿ’ ಎಂದು ಹೆಸರು.

ಸಿದ್ಧಾಂತ

2010ರ ಏಪ್ರಿಲ್‌ನಲ್ಲಿ ನಾಟಿಂಗ್‌ಹ್ಯಾಮ್ ಮತ್ತು ಎರಾನ್ ಹ್ಯಾಮರ್-ಲಹಾವ್ ಆರ್‌ಎಫ್‌ಸಿ 5785ರ ಮೂಲಕ ನಿರ್ಣಯವಿತ್ತರು: ಸೈಟಿನ ಬುಡದಲ್ಲಿ ‘/.ವೆಲ್-ನೋನ್/’ ಎಂಬ ಒಂದೇ ಒಂದು ಮೂಲೆಯನ್ನು ಕಾದಿರಿಸತಕ್ಕದ್ದು. ಬೋರ್ಡು ಹಾಕುವವರೆಲ್ಲ ಅದರೊಳಗೇ ಹಾಕತಕ್ಕದ್ದು. ಉಳಿದ ಜಾಗ ಪೂರಾ ಯಜಮಾನನದು. 2019ರ ಆರ್‌ಎಫ್‌ಸಿ 8615 ಇದನ್ನು ಪರಿಷ್ಕರಿಸಿತು.

ಇದೇ ಹೆಸರು ಯಾಕೆ ಎಂಬ ಜಿಜ್ಞಾಸೆಗೆ ಮೂಲಕಾರರೇ ಅನುಬಂಧದಲ್ಲಿ ಸಮಾಧಾನ ಹೇಳಿದ್ದಾರೆ. ಹೆಸರು ಚಿಕ್ಕದು, ಅರ್ಥವಾಗುವಂಥದು, ಮತ್ತು ಸರ್ಚ್ ಎಂಜಿನ್ನುಗಳಲ್ಲಿ ಹುಡುಕಿದರೆ ಹೆಚ್ಚು ಯಾರೂ ಬಳಸಿದಂತೆ ಕಾಣಲಿಲ್ಲ. ಇಂಥ ನಿಗದಿತ ಜಾಗಗಳು ವೆಬ್ಬಿಗೆ ಕೆಟ್ಟದ್ದಲ್ಲವೇ ಎಂಬ ಪ್ರಶ್ನೆಯನ್ನೂ ತಾವೇ ಎತ್ತಿಕೊಂಡು ಹೌದು, ಕೆಟ್ಟದ್ದೇ, ಆದರೂ ಕೆಲವೊಮ್ಮೆ ಬೇಕಾಗುತ್ತದೆ ಎಂಬ ಧಾಟಿಯಲ್ಲಿ ಒಪ್ಪಿಕೊಂಡಿದ್ದಾರೆ. ಗ್ರಂಥದ ಕೊನೆಯಲ್ಲಿ ಗ್ರಂಥವನ್ನೇ ಅಲ್ಲಗಳೆಯುವ ಈ ಪ್ರಾಮಾಣಿಕತೆ ನಮ್ಮ ಪಿಎಚ್‌.ಡಿ. ಪ್ರಬಂಧಗಳಲ್ಲಿ ವಿರಳ.

ಮೂಲೆಯೊಳಗೆ ಜಾಗ ಬೇಕೆನ್ನುವವರು ಐಎಎನ್‌ಎ ಎಂಬ ನೋಂದಣಿ ಸಂಸ್ಥೆಗೆ ಅರ್ಜಿ ಹಾಕಬೇಕು. ತಜ್ಞರು ಪರಿಶೀಲಿಸುತ್ತಾರೆ. ನೋಂದಣಿಯಲ್ಲಿ ಕಾಯಂ ಮತ್ತು ತಾತ್ಕಾಲಿಕ ಎಂಬ ಎರಡು ದರ್ಜೆ ಇವೆ. ತಾತ್ಕಾಲಿಕದವರು ಕಾಯಂ ಮಾಡಿರೆಂದು ಧರಣಿ ಕೂತ ವರದಿ ಇನ್ನೂ ಬಂದಿಲ್ಲ.

ಬಿಂದು ಉಪಪ್ರಕರಣ

ಇನ್ನು ಆ ಚುಕ್ಕೆ. ಯುನಿಕ್ಸ್ ಸಂಪ್ರದಾಯದಲ್ಲಿ ಚುಕ್ಕೆಯಿಂದ ಶುರುವಾಗುವ ಫೈಲು ಕಣ್ಣಿಗೆ ಕಾಣದು. ‘ಎಲ್‌ಎಸ್’ ಎಂದರೆ ಬಾರದು, ‘ಎಲ್‌ಎಸ್ -ಎ’ ಎಂದು ಮೈನಸ್ ಹಾಕಿ ಕರೆದರೆ ಬರುತ್ತದೆ. ಜಗತ್ತೆಲ್ಲ ಓದಲೆಂದೇ ಹಾಕಿದ ಬೋರ್ಡನ್ನು ಅಗೋಚರವಾದ ಗೋಡೆಯ ಮೇಲೆ ನೇತುಹಾಕಲಾಗಿದೆ ಎಂಬುದು ಈ ದರ್ಶನದ ಅತ್ಯಂತ ಗಹನವಾದ ಭಾಗ.

ಗಹನತೆಯ ಬಿಸಿ ತಟ್ಟುವುದು ಅಡ್ಮಿನ್‌ಗೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪುಕ್ಕಟೆಯಾಗಿ ಕೊಡುವ ಸರ್ಟಿಫಿಕೇಟಿನ ಆಯಸ್ಸು 90 ದಿನ ಎಂದಿಟ್ಟುಕೊಳ್ಳಿ. ನವೀಕರಣಕ್ಕೆ ಅದು ಉದ್ದನೆಯ ಒಂದು ಟೋಕನ್ ಕೊಟ್ಟು, ಅದೇ ಹೆಸರಿನ ಫೈಲನ್ನು ‘/.ವೆಲ್-ನೋನ್/ಆಕ್ಮಿ-ಚಾಲೆಂಜ್/’ ಒಳಗೆ ಇಡು, ಬಂದು ನೋಡುತ್ತೇನೆ ಎನ್ನುತ್ತದೆ. ಫೈಲಿನೊಳಗೆ ಇರಬೇಕಾದದ್ದು ಒಂದೇ ಸಾಲು: ಮೊದಲು ಆ ಟೋಕನ್, ಆಮೇಲೆ ಒಂದು ಚುಕ್ಕೆ, ಆಮೇಲೆ ಖಾತೆಯ ಕೀಲಿಯ ಹೆಬ್ಬೆಟ್ಟು. ಫೈಲು ಇಟ್ಟದ್ದಾಯಿತು. ಆದರೆ ಅಡ್ಮಿನ್ ಎಲ್ಲಿಂದಲೋ ನಕಲು ಮಾಡಿಕೊಂಡ ಎಂಜಿನ್ಎಕ್ಸ್ ಕಾನ್ಫಿಗಿನಲ್ಲಿ ಒಂದು ಜಾಣ ಸಾಲಿರುತ್ತದೆ: ಚುಕ್ಕೆಯಿಂದ ಶುರುವಾಗುವ ಯಾವುದನ್ನೂ ಹೊರಗಿನವರಿಗೆ ಕೊಡಬೇಡ. ಸದುದ್ದೇಶದ ಸಾಲೇ. ‘.ಜಿಐಟಿ’, ‘.ಇಎನ್‌ವಿ’ ಮೊದಲಾದವುಗಳಲ್ಲಿ ಡೇಟಾಬೇಸಿನ ಪಾಸ್‌ವರ್ಡ್‌ವರೆಗೆ ಎಲ್ಲ ಗುಟ್ಟೂ ಇರುತ್ತದೆ. ಪರಿಣಾಮ, ಸಾಕ್ಷಿ ನೋಡಲು ಬಂದವರಿಗೆ 403, ಅಂದರೆ ‘ಪ್ರವೇಶವಿಲ್ಲ’. ಸರ್ಟಿಫಿಕೇಟ್ ಮುಗಿದ ದಿನ ಗಿರಾಕಿಗಳ ಬ್ರೌಸರು ‘ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ’ ಎಂದು ಕೆಂಪು ಮಾಡಿ ತೋರಿಸಿದಾಗ ಮಾಲೀಕರ ಫೋನು ಬರುತ್ತದೆ. ಪ್ರಾಯಶ್ಚಿತ್ತ ಸರಳ: ನಿಷೇಧದ ಸಾಲಿಗೆ ‘ವೆಲ್-ನೋನ್ ಒಂದನ್ನು ಬಿಟ್ಟು’ ಎಂದು ಸೇರಿಸುವುದು. ಅಲ್ಲಿಗೆ ಅಪವಾದಕ್ಕೆ ನಿಷೇಧ, ನಿಷೇಧಕ್ಕೆ ಮತ್ತೊಂದು ಅಪವಾದ ಬಂದು ಶಾಸ್ತ್ರ ಸಮೃದ್ಧವಾಗುತ್ತದೆ.

ಯಜಮಾನನ ಕಣ್ಣಿಗೆ ಬೀಳದ ಮೂಲೆಯನ್ನು ಕಳ್ಳರು ಬಿಡುವುದುಂಟೆ? 2019ರಲ್ಲಿ ಝಡ್‌ಸ್ಕೇಲರ್ ಸಂಸ್ಥೆಯ ಸಂಶೋಧಕರು, ಹ್ಯಾಕ್ ಆದ ವರ್ಡ್‌ಪ್ರೆಸ್ ಮತ್ತು ಜೂಮ್ಲಾ ಸೈಟುಗಳಲ್ಲಿ ಇದೇ ಫೋಲ್ಡರಿನೊಳಗೆ ರ‍್ಯಾನ್‌ಸಮ್‌ವೇರ್ ಮತ್ತು ಫಿಶಿಂಗ್ ಪುಟಗಳನ್ನು ಬಚ್ಚಿಟ್ಟಿದ್ದನ್ನು ಪತ್ತೆ ಮಾಡಿದರು. ಸಿದ್ಧಾಂತವನ್ನು ಆಳವಾಗಿ ಅಧ್ಯಯನ ಮಾಡಿದವರು ಯಾರು ಎಂಬುದು ಇದರಿಂದ ವಿದಿತ.

ಅಭಾವ ಉಪಪ್ರಕರಣ

ಇಲ್ಲದ ವಸ್ತು ಇಲ್ಲ ಎಂದು ತಿಳಿಯುವುದು ಹೇಗೆ? ಇದಕ್ಕೆ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವೇ ಬೇಕು ಎಂದರು ಕುಮಾರಿಲ ಭಟ್ಟರು. ಬೇಡ ಎಂದವರು ಪ್ರಭಾಕರರು. ಈ ಹಳೇ ಜಗಳ ಆ್ಯಪಲ್‌ನವರು ಮುಂದಿಟ್ಟ ‘/.ವೆಲ್-ನೋನ್/ಚೇಂಜ್-ಪಾಸ್‌ವರ್ಡ್’ ವಿಳಾಸದಲ್ಲಿ ಮತ್ತೆ ತಲೆಯೆತ್ತಿತು.

ಪಾಸ್‌ವರ್ಡ್ ಮ್ಯಾನೇಜರ್ ಈ ವಿಳಾಸ ಕೇಳಿದರೆ ಸರ್ವರ್ ಸರಿಯಾದ ಪುಟಕ್ಕೆ ದಾಟಿಸಬೇಕು. ಅದು ಇಲ್ಲದಿದ್ದರೆ 404 ಎನ್ನಬೇಕು. ಆದರೆ ಕೆಲವು ಸರ್ವರುಗಳಿಗೆ ಇಲ್ಲ ಎನ್ನುವ ಅಭ್ಯಾಸವಿಲ್ಲ. ಏನು ಕೇಳಿದರೂ 200, ಅಂದರೆ ‘ಇದೆ, ಬನ್ನಿ’ ಎಂದು ಕರೆದು, ಒಳಗೆ ಹೋದಮೇಲೆ ‘ಕ್ಷಮಿಸಿ, ಪುಟ ಸಿಗಲಿಲ್ಲ’ ಎನ್ನುತ್ತವೆ. ಇಂಥ ಸುಳ್ಳುಗಾರನ ಪತ್ತೆಗೆ ಬ್ರೌಸರು ಮೊಲದ ಕೊಂಬನ್ನೇ ಕೇಳಿ ನೋಡುತ್ತದೆ. ಆ ವಿಳಾಸದ ಪೂರ್ಣ ಹೆಸರು ‘/.ವೆಲ್-ನೋನ್/ರಿಸೋರ್ಸ್-ದಟ್-ಶುಡ್-ನಾಟ್-ಎಗ್ಸಿಸ್ಟ್-ಹೂಸ್-ಸ್ಟೇಟಸ್-ಕೋಡ್-ಶುಡ್-ನಾಟ್-ಬಿ-200’. ಇದು ಪ್ರಬಂಧಕಾರನ ಕಲ್ಪನೆಯಲ್ಲ, ಅಕ್ಷರಶಃ ಮಾನಕದ ಕರಡಿನಲ್ಲಿರುವ ಹೆಸರು. ಇದಕ್ಕೂ ‘ಇದೆ, ಬನ್ನಿ’ ಎಂದರೆ ಆ ಸರ್ವರಿನ ಯಾವ ‘ಇದೆ’ಯನ್ನೂ ನಂಬುವಂತಿಲ್ಲ. ಎಂದೂ ಇರಬಾರದ್ದಕ್ಕೂ ಒಂದು ಕಾಯಂ ವಿಳಾಸ ಕೊಟ್ಟ ಕೀರ್ತಿ ಇದಕ್ಕೆ ಸಲ್ಲುತ್ತದೆ. ಪ್ರಮಾಣ ಆರು ಎಂಬ ಭಾಟ್ಟರ ಪಕ್ಷವೇ ಗೆದ್ದಿತೆಂದು ಇಲ್ಲಿಗೆ ದಾಖಲಿಸಬಹುದು.

ಸಂಗತಿ

ಇಷ್ಟರಿಂದ ಏನು ಸಿದ್ಧವಾಯಿತು? ಬೋರ್ಡು ಎಲ್ಲಿರಬೇಕು ಎಂಬುದಕ್ಕೆ ವಿಧಿಯಿದೆ. ಬಂದವರು ಅದರಂತೆ ನಡೆಯಲೇಬೇಕು ಎಂಬುದಕ್ಕೆ ಇಲ್ಲ. ರೋಬಾಟ್ಸ್ ಫೈಲಿನ ನಿಯಮಗಳು ಪ್ರವೇಶವನ್ನು ತಡೆಯುವ ಅಧಿಕಾರವಲ್ಲ ಎಂದು ಆರ್‌ಎಫ್‌ಸಿ 9309 ತಾನೇ ಹೇಳುತ್ತದೆ, ಅದು ವಿನಂತಿ. ‘ನನ್ನನ್ನು ಹಿಂಬಾಲಿಸಬೇಡಿ’ ಎಂಬ ಡಿಎನ್‌ಟಿ ಯೋಜನೆಗೂ ಈ ಮೂಲೆಯಲ್ಲಿ ಅಚ್ಚುಕಟ್ಟಾದ ಜಾಗವಿತ್ತು. ಹಿಂಬಾಲಿಸುವವರು ಬಿಡಲಿಲ್ಲ, 2019ರಲ್ಲಿ ಅದರ ಸಮಿತಿಯೇ ಬಾಗಿಲು ಹಾಕಿತು. ಸರ್ಟಿಫಿಕೇಟಿನ ಬೋರ್ಡನ್ನು ಮಾತ್ರ ಎಲ್ಲರೂ ತಪ್ಪದೆ ಹಾಕುತ್ತಾರೆ, ಹಾಕದಿದ್ದರೆ ಅಂಗಡಿಯೇ ಮುಚ್ಚುತ್ತದೆ. ಜಾಗವನ್ನು ಪಂಡಿತರು ಗೊತ್ತುಮಾಡಬಹುದು, ಪಾಲನೆಯನ್ನು ಗೊತ್ತುಮಾಡುವುದು ಲಾಭನಷ್ಟ. ಇದು ಪ್ರಬಂಧದ ನಿರ್ಣಯ.

ವಿಶೇಷ ಸೂಚನೆ

2022ರ ಆರ್‌ಎಫ್‌ಸಿ 9116ರಂತೆ ಸೈಟಿನ ಭದ್ರತೆಯಲ್ಲಿ ಲೋಪ ಕಂಡವರು ಯಾರಿಗೆ ತಿಳಿಸಬೇಕೆಂಬುದನ್ನು ಇದೇ ಮೂಲೆಯ ಸೆಕ್ಯುರಿಟಿ.ಟಿಎಕ್ಸ್‌ಟಿಯಲ್ಲಿ ಬರೆಯಬೇಕು. ಸಂಪರ್ಕ ವಿಳಾಸವೂ ಆ ಫೈಲಿನ ಅವಧಿ ಮುಗಿಯುವ ದಿನಾಂಕವೂ ಕಡ್ಡಾಯ. ಯಾವ ಭಾಷೆಯಲ್ಲಿ ಬರೆದರೆ ಒಳ್ಳೆಯದು ಎಂದು ತಿಳಿಸುವ ಸಾಲೂ ಉಂಟು. ಅಲ್ಲಿ ಕನ್ನಡದ ಸಂಕೇತವಾದ ಕೆಎನ್ ಎಂದು ಹಾಕಲು ಯಾವ ಅಡ್ಡಿಯೂ ಇಲ್ಲ. ಈ ಪ್ರಬಂಧದಲ್ಲಿ ಲೋಪ ಕಂಡ ವಿದ್ವಾಂಸರು ಅದೇ ಕ್ರಮದಲ್ಲಿ, ಕನ್ನಡದಲ್ಲೇ, ಬರೆದು ತಿಳಿಸತಕ್ಕದ್ದು. ಫೈಲಿನ ಅವಧಿ ಮುಗಿದ ಮೇಲೆ ಬಂದವನ್ನು ಪರಿಗಣಿಸಲಾಗುವುದಿಲ್ಲ. ಆಕ್ಷೇಪಣೆ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.