ಒಂದಕ್ಕೆ ಪ್ರಮಾಣ: ಸಕುಟುಂಬ ಪ್ರವಾಸ ಮೀಮಾಂಸೆಗೆ ಒಂದು ಪ್ರವೇಶಿಕೆ

ದೂರ ಅಳೆಯುವ ವಿಷಯದಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ಹರದಾರಿ ಇತ್ತು, ಗಾವುದ ಇತ್ತು, ಯೋಜನ ಇತ್ತು. ಆಮೇಲೆ ಇಂಗ್ಲಿಷರ ಮೈಲಿ ಬಂತು. 1956ರ ತೂಕ ಮತ್ತು ಅಳತೆಯ ಕಾಯಿದೆಯ ತರುವಾಯ ಮೈಲಿಕಲ್ಲಿನ ಮೇಲೆ ಕಿಲೋಮೀಟರು ಬಂದು ಕೂತಿತು. ಕಲ್ಲು ಮಾತ್ರ ಇಂದಿಗೂ ಮೈಲಿಕಲ್ಲೇ. ಇಷ್ಟೆಲ್ಲ ಮಾನಗಳಿದ್ದರೂ, ತಾಯಿ, ಹೆಂಡತಿ ಮತ್ತು ಎರಡು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟ ಗೃಹಸ್ಥನಿಗೆ ಅವುಗಳಲ್ಲಿ ಒಂದೂ ಕೆಲಸಕ್ಕೆ ಬಾರದು ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ನಕ್ಷೆಯ ಪ್ರಕಾರ ಆ ದೂರ ಸುಮಾರು 300 ಕಿಲೋಮೀಟರು. ನನ್ನ ಮಗನ ಪ್ರಕಾರ ಏಳು ಒಂದಕ್ಕೆ.

'ಒಂದಕ್ಕೆ' ಎಂಬ ಪಾರಿಭಾಷಿಕ ಪದ ಕನ್ನಡ ಶಾಲೆಗಳ ಕೊಡುಗೆ. ಕಿರುಬೆರಳು ಅದರ ಲಾಂಛನ. ರೂಪದಲ್ಲಿ ಚತುರ್ಥಿ, ಅರ್ಥದಲ್ಲಿ ತುರ್ತು. ಪ್ರಸ್ತುತ ಶಾಸ್ತ್ರದಲ್ಲಿ ಇದರ ಲಕ್ಷಣ ಹೀಗೆ: ಒಂದು ನಿಲುಗಡೆಯಿಂದ ಮುಂದಿನ ಅನಿವಾರ್ಯ ನಿಲುಗಡೆಯವರೆಗಿನ ದೂರವೇ ಒಂದು ಒಂದಕ್ಕೆ. ಎಳನೀರು ಕುಡಿದರೆ ಇದು ಅರ್ಧಕ್ಕೆ ಇಳಿಯುತ್ತದೆ, ನಿದ್ದೆ ಹತ್ತಿದರೆ ಎರಡರಷ್ಟಾಗುತ್ತದೆ. ನನ್ನ ಮಗಳ ಒಂದಕ್ಕೆ ಮೂತ್ರಕೋಶವನ್ನು ಅವಲಂಬಿಸಿಲ್ಲ, ಶೌಚಾಲಯದ ಶುಚಿತ್ವವನ್ನು ಅವಲಂಬಿಸಿದೆ. ಬಾಗಿಲು ತೆರೆದು ಒಳಗೆ ಇಣುಕಿ, "ಬೇಡ, ತಡ್ಕೋತೀನಿ" ಎಂದು ವಾಪಸ್ಸು ಬಂದಳೆಂದರೆ ಅವಳ ಒಂದಕ್ಕೆ 80 ಕಿಲೋಮೀಟರಿಗೂ ಹಿಗ್ಗಬಲ್ಲದು. ಅಮ್ಮನದು ಮಂಡಿಯ ಮೇಲೆ ನಿಂತಿದೆ. ಕುಕ್ಕರಗಾಲಲ್ಲಿ ಕೂರುವ ಕಡೆ ಅವರು ಇಳಿಯುವುದೇ ಇಲ್ಲ. ಎರಡಕ್ಕೆ ಎಂಬುದು ಒಂದಕ್ಕೆಯ ದುಪ್ಪಟ್ಟೆಂದು ಭಾವಿಸುವವರು ಇನ್ನೂ ಮದುವೆಯಾಗದವರು. ಆ ವಿಷಯ ಬೇರೆ ಗ್ರಂಥವನ್ನೇ ಬೇಡುತ್ತದೆ.

ಈ ಅಧ್ಯಯನಕ್ಕೆ ಆಧಾರ ಮೂರು ಪ್ರವಾಸಗಳು. ಒಂದು ಬಾಡಿಗೆ ಕಾರಿನದು, ಒಂದು ರೈಲಿನದು, ಒಂದು ಸರ್ಕಾರಿ ಬಸ್ಸಿನದು. ಅಧ್ಯಯನಕ್ಕೆ ಧನಸಹಾಯ ಮಾಡಿದವನು ನಾನೇ.

ಪ್ರಮಾಣ ವಿಚಾರ

ಮಗುವಿಗೆ ಒಂದಕ್ಕೆ ಬಂದಿದೆ ಎಂಬ ಜ್ಞಾನ ತಂದೆಗೆ ಹೇಗೆ ಉಂಟಾಗುತ್ತದೆ? ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಒಂದೊಂದಾಗಿ ಪರೀಕ್ಷಿಸೋಣ.

ಶಬ್ದ ಪ್ರಮಾಣವಾಗಬೇಕಾದರೆ ಆಡಿದವನು ಆಪ್ತನಾಗಿರಬೇಕು, ಅಂದರೆ ಅವನ ಮಾತು ನಂಬಿಕೆಗೆ ಅರ್ಹವಾಗಿರಬೇಕು. ಮನೆ ಬಿಡುವಾಗ, "ಹೋಗಿ ಬಂದ್ಬಿಡೋ" ಎಂದೆ. "ಬರ್ತಾನೇ ಇಲ್ಲಪ್ಪಾ" ಎಂದ. ನೆಲಮಂಗಲದ ಟೋಲ್ ಸಾಲಿನಲ್ಲಿ, ಹಿಂದೆ ಮುಂದೆ ಲಾರಿಗಳಿರುವಾಗ, ಅವನ ಆಪ್ತತ್ವ ಶಾಶ್ವತವಾಗಿ ಹೋಯಿತು. ಪ್ರತ್ಯಕ್ಷ ನಿರ್ದುಷ್ಟವಾದ ಪ್ರಮಾಣ, ಸಂಶಯಕ್ಕೆ ಎಡೆಯೇ ಇಲ್ಲ. ಆದರೆ ಅದು ಲಭ್ಯವಾಗುವ ಹೊತ್ತಿಗೆ ಸೀಟು ಒದ್ದೆಯಾಗಿರುತ್ತದೆ. ಉಪಮಾನ, ಅಂದರೆ ಅಕ್ಕನ ಹಾಗೆ ತಮ್ಮನೂ ಎಂಬ ವಾದ, ಮೇಲೆ ಹೇಳಿದ ಕಾರಣದಿಂದ ಬಿದ್ದುಹೋಯಿತು.

ಉಳಿದದ್ದು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವಂತೆ, ಒಂದೇ ಸಮನೆ ಮಾತಾಡುತ್ತಿದ್ದ ಮಗು ಥಟ್ಟನೆ ಮೌನವಾಗಿ ಮೊಣಕಾಲು ಜೋಡಿಸಿ ಕಿಟಕಿಯಾಚೆ ನೋಡತೊಡಗಿದರೆ ಒಂದಕ್ಕೆ ಇದೆಯೆಂದು ತಿಳಿಯಬೇಕು. ಇಲ್ಲಿ ಹೇತ್ವಾಭಾಸದ ಭಯವುಂಟು. ಅಕ್ಕನ ಚಾಕೊಲೇಟನ್ನು ತೊಡೆಯ ಕೆಳಗೆ ಬಚ್ಚಿಟ್ಟಾಗಲೂ ಅವನು ಹೀಗೇ ಕೂರುತ್ತಾನೆ. ಕುಣಿಗಲ್ ಹತ್ತಿರ ಒಮ್ಮೆ ಕಾರು ನಿಲ್ಲಿಸಿ ಅವನನ್ನು ಇಳಿಸಿದಾಗ ಸಿಕ್ಕಿದ್ದು ಕರಗಿದ ಚಾಕೊಲೇಟು.

ಸಿದ್ಧಾಂತ: ಪ್ರಶ್ನೆಯನ್ನೇ ಕೈಬಿಡತಕ್ಕದ್ದು. "ಬರ್ತಿದೆಯಾ?" ಎಂದು ಕೇಳಬಾರದು, "ಬಾ, ಹೋಗೋಣ" ಎನ್ನಬೇಕು. ವಾಹನ ಯಾವ ಕಾರಣಕ್ಕೆ ನಿಂತರೂ, ಕಾಫಿಗಾಗಲಿ ಪಂಕ್ಚರಿಗಾಗಲಿ, ಐದೂ ಜನ ಇಳಿಯತಕ್ಕದ್ದು. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಇರುತ್ತದೆ. ಅದರ ಬೀಗದ ಕೈ ಊಟಕ್ಕೆ ಹೋದವನ ಜೇಬಿನಲ್ಲಿ ಇರುತ್ತದೆ. ಆದ್ದರಿಂದ ಊಟದ ಹೊತ್ತಿನಲ್ಲಿ ಹೋಟೆಲನ್ನೂ ಉಳಿದ ಹೊತ್ತಿನಲ್ಲಿ ಬಂಕನ್ನೂ ಆಶ್ರಯಿಸುವುದು ಯುಕ್ತ.

ಕಾಲ ವಿಚಾರ

ಆರು ಗಂಟೆಗೆ ಹೊರಡುವುದೆಂದು ನಿಶ್ಚಯಿಸಿದ ಕುಟುಂಬ ಆರಕ್ಕೆ ಹೊರಟ ಉದಾಹರಣೆ ನಮ್ಮ ಬೀದಿಯಲ್ಲಿ ಇಲ್ಲ. ಗ್ಯಾಸ್ ಆರಿಸಿದ್ದನ್ನು ಹೆಂಡತಿ ಒಮ್ಮೆ, ನಾನು ಒಮ್ಮೆ, ಅಮ್ಮ ಒಮ್ಮೆ ನೋಡಬೇಕು. ಬೀಗವನ್ನು ಮೂರು ಸಲ ಜಗ್ಗಬೇಕು. ಈ ವೈದಿಕ ವಿಧಿಗಳು ಮುಗಿಯುವಾಗ ಏಳೂ ಮೂವತ್ತೆರಡು. ಅಂದು ಸೋಮವಾರ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು.

"ಎರಡು ನಿಮಿಷ ತಾನೇ ಅಮ್ಮ" ಎಂದೆ.

"ಚಿಂತೆ ಮಾಡಬೇಡ ಕಣೋ, ನಾವು ಆರಕ್ಕೇ ಹೊರಟಾಗಿದೆ" ಎಂದರು ಅಮ್ಮ.

ಅವರು ಪ್ರಸ್ಥಾನ ಇಟ್ಟಿದ್ದರು. ಒಳ್ಳೆಯ ಹೊತ್ತಿನಲ್ಲಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಆಗಲೇ ಶುರುವಾದಂತೆ. ಆಮೇಲೆ ದೇಹ ಯಾವಾಗ ಹೊರಟರೂ ದೋಷವಿಲ್ಲ. ಹೊರಡುವ ಮುಹೂರ್ತವನ್ನೂ ಹೊರಡುವವರನ್ನೂ ಬೇರ್ಪಡಿಸಿದ ಈ ಉಪಾಯಕ್ಕೆ ಸಮನಾದದ್ದನ್ನು ರೈಲ್ವೆಯವರಾಗಲಿ ವಿಮಾನದವರಾಗಲಿ ಇನ್ನೂ ಕಂಡುಹಿಡಿದಿಲ್ಲ. ನ್ಯೂನತೆ ಒಂದೇ. ಚೀಲವನ್ನು ವಾಪಸ್ಸು ತೆಗೆದುಕೊಳ್ಳಬೇಕು. ಬೆಳ್ಳೂರು ಕ್ರಾಸಿನಲ್ಲಿ ಕಾಫಿ ಕುಡಿಯುವಾಗ ಅಮ್ಮ ಲೋಟ ಕೆಳಗಿಟ್ಟು, "ಎದುರು ಮನೆ ಜಗಲಿ..." ಎಂದರು. ಶಾಸ್ತ್ರದ ಪ್ರಕಾರ ಆರಕ್ಕೇ ಹೊರಟ ಚೀಲ ಜಗಲಿಯಲ್ಲೇ ಕೂತಿತ್ತು. ಒಳಗಿದ್ದದ್ದು ಮಗನ ಬಟ್ಟೆಗಳು. ಓದುಗರು ಈ ಚೀಲವನ್ನು ನೆನಪಿನಲ್ಲಿಡಬೇಕು.

ಇರಲಿ ವಿಚಾರ

ವಿಧ್ಯರ್ಥಕ ಕ್ರಿಯಾಪದಗಳಲ್ಲೆಲ್ಲ ಅತ್ಯಂತ ಭಾರವಾದದ್ದು 'ಇರಲಿ'. ಸ್ವೆಟರ್ ಇರಲಿ, ಟಾರ್ಚ್ ಇರಲಿ, ಹಗ್ಗ ಇರಲಿ, ಇನ್ನೊಂದು ಸ್ವೆಟರ್ ಇರಲಿ. ಮೇ ತಿಂಗಳಲ್ಲಿ ಕರಾವಳಿಗೆ ಹೊರಟಿದ್ದೆವೆಂಬುದನ್ನು ಇಲ್ಲಿ ಗಮನಿಸಬೇಕು. ಕಟ್ಟಿದ ಸಾಮಾನಿನಲ್ಲಿ ಬಳಕೆಯಾದದ್ದು ಮೂರು: ಹಗ್ಗ (ಒದ್ದೆ ಬಟ್ಟೆ ಒಣಹಾಕಲು), ಪ್ಲಾಸ್ಟಿಕ್ ಚೀಲಗಳು ಮತ್ತು ಮೊಸರನ್ನ. ಮೊಸರನ್ನದ ಬಗ್ಗೆ ಹೆಂಡತಿಯ ಮತವೇ ಅಂತಿಮ: ಬಿಸಿ ಅನ್ನವನ್ನು ಹಾಲಿನಲ್ಲಿ ಮಿದ್ದು, ಆರಿದ ಮೇಲೆ ಒಂದೇ ಚಮಚ ಮೊಸರು ಹಾಕಬೇಕು. ಮಧ್ಯಾಹ್ನದ ಹೊತ್ತಿಗೆ ಹದವಾಗಿರುತ್ತದೆ, ಹುಳಿ ಬರುವುದಿಲ್ಲ. ಬೆಳಿಗ್ಗೆಯೇ ಪೂರ್ತಿ ಮೊಸರು ಸುರಿದವರು ಹಾಸನದಲ್ಲಿ ಹೋಟೆಲು ಹುಡುಕುತ್ತಾರೆ.

ಘಟ್ಟ ವಿಚಾರ

ಘಟ್ಟದಲ್ಲಿ ಒಂದಕ್ಕೆಯ ಮಾನ ನಿಂತು ತಿರುವಿನ ಮಾನ ಆರಂಭವಾಗುತ್ತದೆ. ಕಿವಿಯೊಳಗಿನ ಸಮತೋಲನದ ಅಂಗ "ನಾವು ತಿರುಗುತ್ತಿದ್ದೇವೆ" ಎನ್ನುತ್ತದೆ. ಮೊಬೈಲು ನೋಡುತ್ತಿರುವ ಕಣ್ಣು "ನಾವು ಕೂತಲ್ಲೇ ಇದ್ದೇವೆ" ಎನ್ನುತ್ತದೆ. ಈ ವಾದಿ ಪ್ರತಿವಾದಿಗಳ ನಡುವೆ ತೀರ್ಪು ಕೊಡಲಾರದೆ ಮೆದುಳು ಪ್ರಕರಣವನ್ನು ಹೊಟ್ಟೆಗೆ ವರ್ಗಾಯಿಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ತೊಂದರೆ ಅಪರೂಪ. ಎರಡರಿಂದ ಹನ್ನೆರಡರವರೆಗೆ ಹೆಚ್ಚು. ಅಂದರೆ ಎತ್ತಿಕೊಳ್ಳಲು ಸುಲಭವಾದ ವಯಸ್ಸಿನಲ್ಲಿ ವಾಂತಿಯಿಲ್ಲ, ಎತ್ತಿಕೊಳ್ಳಲಾಗದ ವಯಸ್ಸಿನಲ್ಲಿ ಇದೆ.

ಬೇಲೂರು ನೋಡಿಕೊಂಡು ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿಯುವುದೆಂದು ಯೋಜನೆ ಹಾಕಿದವನು ನಾನು. ಬೇಲೂರಿನಲ್ಲಿ ಮಗನಿಗೆ ಪೂರಿ ಕೊಡಿಸಿದವನೂ ನಾನೇ. ಘಟ್ಟದಲ್ಲಿ ಗಲಾಟೆ ಮಾಡದಿರಲೆಂದು ಮೊಬೈಲು ಕೊಟ್ಟವನೂ ನಾನೇ. ಮೊಬೈಲು ಕೊಟ್ಟರೆ ಮಗುವಿನ ಬಾಯಿ ಮುಚ್ಚುತ್ತದೆ, ನಿಜ; ಘಟ್ಟದಲ್ಲಿ ತೆರೆಯುತ್ತದೆ. ತೆರೆದಾಗ ಅವನು ನನ್ನ ಮಡಿಲಲ್ಲಿದ್ದ. ಅಂಗಿ ಅವನದೂ ಹೋಯಿತು, ನನ್ನದೂ ಹೋಯಿತು.

ಪರಿಹಾರಗಳೇನೂ ಗೂಢವಲ್ಲ. ಘಟ್ಟಕ್ಕೆ ಮುಂಚೆ ಎರಡು ಇಡ್ಲಿ ಸಾಕು, ಹೊಟ್ಟೆ ಖಾಲಿಯೂ ಇರಬಾರದು. ಕಿಟಕಿಯ ಗಾಜು ಇಳಿಸಿ, ದೂರದ ಬೆಟ್ಟ ನೋಡು ಎನ್ನಬೇಕು. ಮಾತ್ರೆ ಕೊಡುವುದಾದರೆ ಮಕ್ಕಳ ಡಾಕ್ಟರನ್ನು ಕೇಳಿ, ಘಟ್ಟ ಶುರುವಾಗುವ ಮೊದಲೇ ಕೊಡಬೇಕು. ಮೂರನೇ ತಿರುವಿನಲ್ಲಿ ಕೊಟ್ಟ ಮಾತ್ರೆ ನಾಲ್ಕನೇ ತಿರುವಿನಲ್ಲಿ ಹಿಂದಿರುಗುತ್ತದೆ. ಶೃಂಗೇರಿಯಿಂದ ಉಡುಪಿಗೆ ಇಳಿಯುವವರು ಆಗುಂಬೆಯ 14 ತಿರುವುಗಳನ್ನು ಮಗುವಿಗೆ ಎಣಿಸಲು ಹೇಳಬಹುದು. ಎಣಿಸಬೇಕಾದರೆ ಹೊರಗೆ ನೋಡಲೇಬೇಕು. ಮಗನ ಬಟ್ಟೆಯ ಜೊತೆ ತಂದೆಗೂ ಒಂದು ಅಂಗಿ ಕೈಚೀಲದಲ್ಲಿರಬೇಕೆಂದು ಯಾವ ಪ್ರವಾಸ ಪುಸ್ತಕವೂ ನನಗೆ ಹೇಳಿರಲಿಲ್ಲ.

ಚೀಲ ಜಗಲಿಯಲ್ಲಿತ್ತಲ್ಲ. ಧರ್ಮಸ್ಥಳ ತಲುಪಿದಾಗ ನಮ್ಮಿಬ್ಬರ ಮೈಮೇಲೆ ಅಂಗಿಯಿರಲಿಲ್ಲ. ಆದರೆ ಅಲ್ಲಿ ಗಂಡಸರು ಅಂಗಿ ಬನಿಯನ್ ತೆಗೆದೇ ದರ್ಶನಕ್ಕೆ ಹೋಗಬೇಕು. ಸರದಿಯಲ್ಲಿ ನಮ್ಮಷ್ಟು ಸಿದ್ಧರಾಗಿ ಬಂದವರು ಬೇರೆ ಯಾರೂ ಇರಲಿಲ್ಲ. "ನೋಡಿದೆಯಾ, ಪ್ರಸ್ಥಾನ ಇಟ್ಟದ್ದು ಹೇಗೆ ಫಲಿಸಿತು" ಎಂದರು ಅಮ್ಮ.

ಪ್ರತ್ಯಯ ವಿಚಾರ

ಮರುವರ್ಷ ರೈಲು. ತಾತ್ವಿಕವಾಗಿ ರೈಲೇ ಶ್ರೇಷ್ಠ, ಏಕೆಂದರೆ ಅದು ಶೌಚಾಲಯವನ್ನು ಜೊತೆಯಲ್ಲೇ ಒಯ್ಯುತ್ತದೆ, ಒಂದಕ್ಕೆ ಅನಂತವಾಗುತ್ತದೆ. ಪ್ರಯೋಗದಲ್ಲಿ ಹಾಗಾಗಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಪ್ರತಿ ಸುರಂಗದಲ್ಲೂ ಬೋಗಿಯ ಮಕ್ಕಳೆಲ್ಲ ಹೋ ಎಂದು ಕೂಗುತ್ತಾರೆ. ಒಂದು ಕೂಗೂ ತಪ್ಪಬಾರದೆಂದು ಮಗ ಎದ್ದು ಹೋಗಲಿಲ್ಲ. ಕೊನೆಯ ಸುರಂಗ ಮುಗಿದಾಗ ನಿಲ್ದಾಣ ಬಂದಿತ್ತು.

ನಿಲ್ದಾಣದ ಹೆಸರಿನ ಬಗ್ಗೆ ಒಂದು ವ್ಯಾಕರಣ ಸೂಕ್ಷ್ಮವುಂಟು. ರೈಲ್ವೆ ಭಾಷೆಯಲ್ಲಿ 'ರೋಡ್' ಎಂಬುದು ನಾಮಪದವಲ್ಲ, ಪ್ರತ್ಯಯ. ಯಾವ ಹೆಸರಿನ ಮುಂದೆ ಹತ್ತುತ್ತದೋ ಆ ಊರು ಇಲ್ಲಿಲ್ಲ ಎಂಬ ಅರ್ಥ ಕೊಡುತ್ತದೆ. ಸುಬ್ರಹ್ಮಣ್ಯ ರೋಡ್ ಇರುವುದು ನೆಟ್ಟಣದಲ್ಲಿ. ಕುಕ್ಕೆ ಅಲ್ಲಿಂದ ಸುಮಾರು 12 ಕಿಲೋಮೀಟರು. ಬೈಂದೂರಿನ ಮೂಕಾಂಬಿಕಾ ರೋಡಿನಲ್ಲಿ ಇಳಿದವರಿಗೆ ಕೊಲ್ಲೂರು ಇನ್ನೂ ಸುಮಾರು 28. ಗೋಕರ್ಣ ರೋಡಿನಲ್ಲಿ ಇಳಿದ ತಕ್ಷಣ ಸಮುದ್ರ ಹುಡುಕುವ ಮಕ್ಕಳಿಗೆ ಆಟೋದವರೇ ಮೊದಲು ಕಾಣುತ್ತಾರೆ.

ಬರ್ತಿನದು ಇನ್ನೊಂದು ಸಂಕಟ. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ. ಆದರೆ ಅಂಥವರು ಒಬ್ಬರೇ ಅಥವಾ ಇಬ್ಬರೇ ಒಂದು ಟಿಕೆಟ್ಟಿನಲ್ಲಿದ್ದರೆ ಮಾತ್ರ. ಒಗ್ಗಟ್ಟಿನಲ್ಲಿ ಬಲವಿದೆಯೆಂದು ಇಡೀ ಕುಟುಂಬವನ್ನು ಒಂದೇ ಟಿಕೆಟ್ಟಿಗೆ ಹಾಕಿದ್ದರಿಂದ, ವಾಪಸ್ಸು ರಾತ್ರಿ ರೈಲಿನಲ್ಲಿ ಮಂಡಿನೋವಿನ ಅಮ್ಮನಿಗೆ ಸಿಕ್ಕಿದ್ದು ಮೇಲಿನ ಬರ್ತು. ಬೇರೆ ಟಿಕೆಟ್ಟು ಮಾಡಿಸಿದರೆ ಕೆಳಗಿನ ಬರ್ತು ಸಿಗುತ್ತದೆ, ಬೇರೆ ಬೋಗಿಯಲ್ಲಿ. ಅಜ್ಜಿಯ ಮಂಡಿಯೋ ಅಜ್ಜಿಯ ಸಹವಾಸವೋ, ಒಂದನ್ನು ಆರಿಸಿಕೊಳ್ಳಬೇಕು. ಬೋಗಿಯಲ್ಲಿದ್ದ ಒಬ್ಬ ಕಾಲೇಜು ಹುಡುಗ ಎದ್ದು ತನ್ನ ಕೆಳಗಿನ ಬರ್ತು ಬಿಟ್ಟುಕೊಟ್ಟ. ಅವನಿಗೆ ಕೋಡುಬಳೆ ಕೊಟ್ಟೆವು.

ಅಸ್ತಿ ನಾಸ್ತಿ ವಿಚಾರ

ಮಗು ಇದೆಯೋ ಇಲ್ಲವೋ ಎಂಬುದು ವಾಹನವನ್ನು ಅವಲಂಬಿಸಿದೆ. ರೈಲಿನಲ್ಲಿ ಐದು ತುಂಬುವವರೆಗೆ ಟಿಕೆಟ್ಟಿಲ್ಲ. ಐದರಿಂದ ಹನ್ನೆರಡರೊಳಗೆ ಬರ್ತು ಬೇಡವೆಂದರೆ ಅರ್ಧ, ಬೇಕೆಂದರೆ 2016ರಿಂದ ಪೂರ್ತಿ ದರ. ಬಸ್ಸಿನಲ್ಲಿ ಆರರವರೆಗೆ ಉಚಿತ, ಆಮೇಲೆ ಹನ್ನೆರಡರವರೆಗೆ ಅರ್ಧ. ಐದೂವರೆಯ ನನ್ನ ಮಗ ರೈಲಿನಲ್ಲಿ ಇದ್ದ, ಅದೇ ತಿಂಗಳು ಬಸ್ಸಿನಲ್ಲಿ ಇರಲಿಲ್ಲ. ಇಂಥ ವಸ್ತುವಿನ ವಿವರಣೆಗೆ ಜೈನರ ಸ್ಯಾದ್ವಾದವೊಂದೇ ಸಮರ್ಥ: ಒಂದು ದೃಷ್ಟಿಯಿಂದ ಇದೆ, ಒಂದು ದೃಷ್ಟಿಯಿಂದ ಇಲ್ಲ, ಒಂದು ದೃಷ್ಟಿಯಿಂದ ಹೇಳಲು ಬಾರದು. ಶಿವನ ಗುಡಿಯಲ್ಲಿ ವೈಷ್ಣವ ಅರ್ಚಕರು ಪೂಜೆ ಮಾಡಿ ಜೈನ ಹೆಗ್ಗಡೆಯವರು ಆಡಳಿತ ನಡೆಸುವ ಕ್ಷೇತ್ರಕ್ಕೆ ಹೊರಟವರಿಗೆ ಇದು ಕಷ್ಟವೂ ಅಲ್ಲ.

ಮೂರನೇ ಸಲ ಧರ್ಮಸ್ಥಳಕ್ಕೆ ಸಾಮಾನ್ಯ ಸಾರಿಗೆ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಶೂನ್ಯ ದರದ ಟಿಕೆಟ್ಟು. ರಾಜಹಂಸ, ಐರಾವತಗಳಲ್ಲಿ ಇಲ್ಲ. ಅಮ್ಮ ಸೊನ್ನೆ, ಹೆಂಡತಿ ಸೊನ್ನೆ, ಮಗಳು ಸೊನ್ನೆ. ಮಗನಿಗೆ ಆರು ತುಂಬಿ ಎಂಟು ದಿನವಾಗಿತ್ತು. ಎಂಟು ದಿನ ಏನು ಮಹಾ ಎಂದು ಅಮ್ಮ ಅವನ ಕಿವಿಯಲ್ಲಿ ಏನೋ ಹೇಳಿದ್ದರು. ಕಂಡಕ್ಟರ್ ಬಂದು, "ಏನಪ್ಪಾ, ಎಷ್ಟು ವರ್ಷ ನಿಂಗೆ?" ಎಂದರು.

"ಮನೇಲಿ ಆರು, ಬಸ್ಸಲ್ಲಿ ಐದು. ಅಜ್ಜಿ ಹೇಳಿದಾರೆ."

ಸ್ಯಾದ್ವಾದವನ್ನು ಇಷ್ಟು ಸಂಗ್ರಹವಾಗಿ ನಿರೂಪಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಅಮ್ಮ ಆ ಕೂಡಲೇ ಕಿಟಕಿಯಾಚೆ ಗೊರಗುಂಟೆಪಾಳ್ಯವನ್ನು ಆಸಕ್ತಿಯಿಂದ ನೋಡತೊಡಗಿದರು. ಕಂಡಕ್ಟರ್ ದಾರ್ಶನಿಕರಲ್ಲ, ಮಿಷನ್ ಒತ್ತಿ ಅರ್ಧ ಟಿಕೆಟ್ಟು ಕೊಟ್ಟರು. ಐದು ಜನರ ಕುಟುಂಬ ಒಂದೂವರೆ ಟಿಕೆಟ್ಟಿನಲ್ಲಿ ಘಟ್ಟ ಇಳಿಯಿತು. ಬಸ್ಸಿನಲ್ಲಿ ಒಂದಕ್ಕೆಯನ್ನು ನಿರ್ಧರಿಸುವವರು ಡ್ರೈವರು. ನಮಗೆ ಸಿಕ್ಕವರಿಗೂ ಮನೆಯಲ್ಲಿ ಮಕ್ಕಳಿದ್ದರೆಂದು ಕಾಣುತ್ತದೆ, ಎರಡು ಸಲ ಕೇಳದೆಯೇ ನಿಲ್ಲಿಸಿದರು.

ಮೂರೂ ಪ್ರವಾಸಗಳಲ್ಲಿ ನಾನು ಬರೆದುಕೊಂಡು ಹೋದ ಪಟ್ಟಿಯಲ್ಲಿ ಎರಡು ದಿನಕ್ಕೆ ನಾಲ್ಕು ಕ್ಷೇತ್ರಗಳಿದ್ದವು. ಎರಡಕ್ಕಿಂತ ಹೆಚ್ಚು ಎಂದೂ ಆಗಲಿಲ್ಲ. ಶೃಂಗೇರಿಗೆ ಹೋದ ಸಲವಂತೂ ತುಂಗೆಯ ಮೀನಿಗೆ ಪುರಿ ಹಾಕುವುದರಲ್ಲೇ ಒಂದೂವರೆ ಗಂಟೆ ಹೋಗಿ, ಹೊರನಾಡು ಬಿಟ್ಟುಹೋಯಿತು. ಪಟ್ಟಿ ಮಾಡುವವರು ಮೀನಿಗೂ ಒಂದು ಸಾಲು ಬಿಡಬೇಕು.

ಇನ್ನು ಓದುಗರಲ್ಲಿ ಒಂದು ವಿಜ್ಞಾಪನೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60ಕ್ಕೆ ಇಳಿದಿದೆ. ಹೊರಡುವ ದಿನ ಈ ಲೆಕ್ಕಕ್ಕೆ ಸೇರುವುದಿಲ್ಲ. ಕ್ರಿಸ್‌ಮಸ್ ರಜೆಗೆ ಡಿಸೆಂಬರ್ 24ರಂದು ಹೊರಡುವವರು ಅಕ್ಟೋಬರ್ 25ರ ಬೆಳಿಗ್ಗೆ ಎಂಟಕ್ಕೆ ಮೊಬೈಲು ಹಿಡಿದು ಕೂರಬೇಕು. ಅಷ್ಟರೊಳಗೆ ನಿಮ್ಮ ಮನೆಯ ಒಂದಕ್ಕೆ ಎಷ್ಟು ಕಿಲೋಮೀಟರೆಂದು ಅಳೆದಿಟ್ಟುಕೊಳ್ಳಿ.